ವರ್ಷದ ರಜೆ ಮುಗಿಯಿತು, ಮತ್ತೆ ಕೆಲಸಕ್ಕೆ ಹೊರಟಿರಾ?

2024ರ ಆಗಸ್ಟ್ ತಿಂಗಳ ಕೊನೆಯಲ್ಲಿ ಪದವಿ ಕಾಲೇಜಿನ ಅಧ್ಯಾಪಕಿಯೊಬ್ಬರು ನನ್ನ ಬಳಿ ಬಂದಿದ್ದರು. ವಯಸ್ಸು ನಲವತ್ತೆಂಟು. ಇಪ್ಪತ್ತು ವರ್ಷಕ್ಕೂ ಮೀರಿದ ಸೇವೆ. ಬಹುಕಾಲದಿಂದ ಅರ್ಧಕ್ಕೆ ನಿಂತಿದ್ದ ಪುಸ್ತಕವೊಂದನ್ನು ಬರೆದು ಮುಗಿಸಲೆಂದು ಒಂದು ವರ್ಷದ ರಜೆ ಪಡೆದಿದ್ದರು. ಪುಸ್ತಕ ಮುಗಿದಿತ್ತು. ರಜೆಯೂ ಮುಗಿದಿತ್ತು. ಕೆಲಸಕ್ಕೆ ಮರಳಿ ಮೂರು ವಾರವಾಗಿತ್ತು.

“ಡಾಕ್ಟರೇ, ರಾತ್ರಿ ಒಂದು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ತಲೆ ಭಾರ. ಎರಡನೇ ಕ್ಲಾಸು ಮುಗಿಯುವ ಹೊತ್ತಿಗೆ ಕಾಲು ಸೋತುಹೋಗುತ್ತದೆ. ಗಂಟಲು ಕಟ್ಟಿದೆ. ಸ್ಟಾಫ್ ರೂಮಿನ ಬಾಗಿಲ ಹತ್ತಿರ ಹೋದರೆ ಸಾಕು, ಎದೆ ಡವಡವ ಎನ್ನುತ್ತದೆ. ನನಗೇನೋ ದೊಡ್ಡ ಕಾಯಿಲೆ ಇರಬೇಕು” ಎಂದರು. ಮಾತಿನ ಕೊನೆಗೆ ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಅದು ರಾಜೀನಾಮೆ ಪತ್ರ. ಮರುದಿನ ಪ್ರಾಂಶುಪಾಲರಿಗೆ ಕೊಡುವುದೆಂದು ನಿಶ್ಚಯಿಸಿದ್ದರು.

ಪರೀಕ್ಷಿಸಿ ನೋಡಿದೆ. ರಕ್ತದೊತ್ತಡ ಸ್ವಲ್ಪ ಮೇಲಿತ್ತು. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದಾಗ ಸರಿಯಾಗಿತ್ತು. ಇಸಿಜಿ, ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ. “ಕಾಯಿಲೆ ಇಲ್ಲ ಎಂದ ಮೇಲೆ ನಾನು ಸೋಮಾರಿಯಾಗಿದ್ದೇನೆ ಎಂದು ತಾನೇ ಅರ್ಥ?” ಎಂದು ಅವರು ಬೇಸರದಿಂದ ಕೇಳಿದರು.

ಅಲ್ಲ. ಒಂದು ವರ್ಷ ಬೇರೊಂದು ಲಯಕ್ಕೆ ಒಗ್ಗಿಕೊಂಡ ದೇಹ ಮತ್ತು ಮನಸ್ಸು ಹಳೆಯ ಲಯಕ್ಕೆ ಒಂದೇ ದಿನದಲ್ಲಿ ಮರಳಲಾರವು. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಾದರೂ ಬೇಕು. ಈ ಅವಧಿಯ ದಣಿವು ಹೆಚ್ಚಿನವರಲ್ಲಿ ಕಾಯಿಲೆಯೂ ಅಲ್ಲ, ಸೋಮಾರಿತನವೂ ಅಲ್ಲ. ಅದು ಹೊಂದಿಕೊಳ್ಳುವ ಶ್ರಮ. ಇದು ತಿಳಿಯದೆ ಎಷ್ಟೋ ಮಂದಿ ಅನಗತ್ಯವಾಗಿ ನಿದ್ದೆಮಾತ್ರೆಗೆ ಕೈಹಾಕುತ್ತಾರೆ. ಇನ್ನು ಕೆಲವರು ಒಳ್ಳೆಯ ಕೆಲಸವನ್ನೇ ಬಿಟ್ಟು ಆಮೇಲೆ ಪರಿತಪಿಸುತ್ತಾರೆ.

ಏಳನೇ ವರ್ಷದ ಬಿಡುವು

ದುಡಿಮೆಯ ನಡುವೆ ಒಂದು ವರ್ಷದ ಬಿಡುವು ಎಂಬ ಕಲ್ಪನೆ ಹಳೆಯದು. ಯೆಹೂದ್ಯರ ಧರ್ಮಗ್ರಂಥದಲ್ಲಿ ಆರು ವರ್ಷ ಬೆಳೆದ ಭೂಮಿಯನ್ನು ಏಳನೇ ವರ್ಷ ಬೀಳು ಬಿಡಬೇಕೆಂಬ ವಿಧಿ ಇದೆ. ‘ಸಬ್ಯಾಟಿಕಲ್’ ಎಂಬ ಇಂಗ್ಲಿಷ್ ಮಾತು ಬಂದದ್ದು ಅಲ್ಲಿಂದಲೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿ ತನ್ನ ಪ್ರಾಧ್ಯಾಪಕರಿಗೆ ಇಂಥ ರಜೆಯನ್ನು ಕೊಡಲಾರಂಭಿಸಿತು. ನಮ್ಮ ದೇಶದಲ್ಲೂ ಯುಜಿಸಿ ನಿಯಮಗಳ ಪ್ರಕಾರ ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕರಾಗಿ ಏಳು ವರ್ಷ ಸೇವೆ ಸಲ್ಲಿಸಿದ ಕಾಯಂ ಅಧ್ಯಾಪಕರಿಗೆ ಒಮ್ಮೆಗೆ ಒಂದು ವರ್ಷ ಮೀರದಂತೆ ಈ ರಜೆ ದೊರೆಯಲು ಅವಕಾಶವಿದೆ.

ಆದರೆ ವರ್ಷದ ರಜೆ ಅಧ್ಯಾಪಕರಿಗಷ್ಟೇ ಸೇರಿದ್ದಲ್ಲ. ಹೆರಿಗೆ ರಜೆಗೆ ಮಗುವಿನ ಪಾಲನೆಯ ರಜೆಯನ್ನು ಜೋಡಿಸಿಕೊಂಡವರು, ವಯಸ್ಸಾದ ತಂದೆ ತಾಯಿಯ ಆರೈಕೆಗೆ ನಿಂತವರು, ಉನ್ನತ ವ್ಯಾಸಂಗಕ್ಕೆ ಹೋದವರು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡವರು, ಸಂಬಳವಿಲ್ಲದ ರಜೆ ಹಾಕಿ ಉಸಿರು ಬಿಟ್ಟವರು, ಇವರೆಲ್ಲರೂ ಒಂದು ದಿನ ಮತ್ತೆ ಡಬ್ಬಿ ಹಿಡಿದು ಬಸ್ ಹತ್ತಲೇಬೇಕು.

ಇಂಥ ರಜೆಯಿಂದ ಪ್ರಯೋಜನವುಂಟೇ? ಖಂಡಿತ ಉಂಟು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಸ್ರೇಲಿನ ಸಂಶೋಧಕರೂ ಇದ್ದ ತಂಡವೊಂದು ಸಬ್ಯಾಟಿಕಲ್ ರಜೆಯಲ್ಲಿದ್ದ 129 ಅಧ್ಯಾಪಕರನ್ನು, ರಜೆಯಿಲ್ಲದೆ ದುಡಿಯುತ್ತಿದ್ದ ಅಷ್ಟೇ ಮಂದಿಯೊಂದಿಗೆ ಹೋಲಿಸಿ ನೋಡಿತು. ರಜೆಯಲ್ಲಿದ್ದವರ ನೆಮ್ಮದಿ ಹೆಚ್ಚಿತ್ತು. ಕೆಲಸದ ಯೋಚನೆಯನ್ನು ಪೂರ್ತಿಯಾಗಿ ಬಿಟ್ಟವರಿಗೆ ಹೆಚ್ಚು ಲಾಭವಾಗಿತ್ತು. ಇಲ್ಲೊಂದು ತೊಡಕಿದೆ. ಪೂರ್ತಿಯಾಗಿ ಬಿಟ್ಟಿದ್ದನ್ನು ಮತ್ತೆ ಹಿಡಿಯುವುದು ಅಷ್ಟೇ ಕಷ್ಟ. ರಜೆ ಚೆನ್ನಾಗಿ ಕಳೆದವರಿಗೇ ಮರಳುವ ದಿನ ಭಾರವೆನಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ದೇಹದ ಗಡಿಯಾರ

ಮೊದಲು ನಿದ್ದೆಯ ವಿಷಯ ನೋಡೋಣ. ರಜೆಯಲ್ಲಿ ನೀವು ರಾತ್ರಿ ಹನ್ನೆರಡಕ್ಕೆ ಮಲಗಿ ಎಂಟಕ್ಕೆ ಏಳುತ್ತಿದ್ದಿರಿ ಎಂದಿಟ್ಟುಕೊಳ್ಳಿ. ಈಗ ಐದೂವರೆಗೆ ಏಳಬೇಕು. ನಮ್ಮ ಮಿದುಳಿನೊಳಗೆ ನಿದ್ದೆ-ಎಚ್ಚರಗಳನ್ನು ನಿಯಂತ್ರಿಸುವ ಒಂದು ಜೈವಿಕ ಗಡಿಯಾರವಿದೆ. ಹಾರ್ವರ್ಡಿನ ವಿಜ್ಞಾನಿಗಳು 1999ರಲ್ಲಿ ತೋರಿಸಿಕೊಟ್ಟಂತೆ ಅದರ ಒಂದು ದಿನ 24 ಗಂಟೆಗಿಂತ ಸುಮಾರು 11 ನಿಮಿಷ ಉದ್ದ. ಹಾಗಾಗಿ ತಡವಾಗಿ ಮಲಗುವುದು ನಮಗೆ ಸುಲಭ, ಬೇಗ ಮಲಗುವುದು ಕಷ್ಟ. ಅಲಾರಂ ಇಟ್ಟು ಐದೂವರೆಗೆ ಎದ್ದುಬಿಡಬಹುದು. ಆದರೆ ರಾತ್ರಿ ಒಂಬತ್ತೂವರೆಗೆ ನಿದ್ದೆ ಬಾ ಎಂದರೆ ಬರುವುದಿಲ್ಲ. ದಿನಕ್ಕೆ ಎರಡು ಗಂಟೆಯಂತೆ ನಿದ್ದೆ ಸಾಲವಾಗುತ್ತಾ ಹೋಗುತ್ತದೆ. ತಲೆಭಾರ, ಸಿಡುಕು, ಮರೆವು ಇವೆಲ್ಲ ಆ ಸಾಲದ ಬಡ್ಡಿ.

ಈ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ಅತ್ಯುತ್ತಮ ಔಷಧಿ ಬೆಳಗಿನ ಬೆಳಕು. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ನಿಮಿಷ ಹೊರಗಿನ ಬೆಳಕಿಗೆ ಬನ್ನಿ. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಹಲವು ಪಟ್ಟು ಪ್ರಖರ. ರಾತ್ರಿ ಮಲಗುವ ಒಂದು ಗಂಟೆ ಮೊದಲು ಮೊಬೈಲು, ಟಿವಿ ಬೇಡ. ಕಾಫಿ ಪ್ರಿಯರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿರುತ್ತದೆ. ದಣಿವು ಕಳೆಯಲೆಂದು ಸಂಜೆ ಐದಕ್ಕೆ ಕುಡಿದ ಸ್ಟ್ರಾಂಗ್ ಕಾಫಿ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಮಧ್ಯಾಹ್ನ ಎರಡರ ನಂತರ ಕಾಫಿ ಬಿಟ್ಟು ನೋಡಿ.

ಕಾಲು, ಬೆನ್ನು, ಗಂಟಲು

ಒಂದು ವರ್ಷ ನಿಮ್ಮ ಕುರ್ಚಿ ನಿಮ್ಮ ಇಷ್ಟದಂತೆ ಇತ್ತು. ಬೇಕೆನಿಸಿದಾಗ ಕೂತಿರಿ, ಬೇಕೆನಿಸಿದಾಗ ಒರಗಿದಿರಿ. ಈಗ ಬಸ್ಸಿನಲ್ಲಿ ನಿಂತು ಹೋಗಬೇಕು, ಮೂರು ಮಹಡಿ ಮೆಟ್ಟಿಲು ಹತ್ತಬೇಕು, ಒಂದೊಂದು ಗಂಟೆ ನಿಂತು ಪಾಠ ಹೇಳಬೇಕು.

ಬಳಕೆ ತಪ್ಪಿದ ದೇಹ ಎಷ್ಟು ಬೇಗ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಪ್ರಸಿದ್ಧವಾದ ಒಂದು ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದಮ್ಮು, ಅಂದರೆ ಶ್ರಮದ ಕೆಲಸದಲ್ಲಿ ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯ, ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಬೆರಗಿನ ಸಂಗತಿಯೊಂದು ಹೊರಬಿತ್ತು. ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆವಾಸ ಮಾಡಿದ ನಷ್ಟವೇ ದೊಡ್ಡದಾಗಿತ್ತು! ಹೆದರಬೇಡಿ. ನೀವೇನೂ ವರ್ಷವಿಡೀ ಹಾಸಿಗೆ ಹಿಡಿದವರಲ್ಲ. ನಿಮ್ಮ ನಷ್ಟ ಬಹಳ ಕಡಿಮೆ. ಇದೇ ಪ್ರಯೋಗದ ಇನ್ನೊಂದು ಭಾಗ ಸಮಾಧಾನ ತರುವಂಥದು. ಹಾಸಿಗೆಯಿಂದ ಎಬ್ಬಿಸಿ ಸುಮಾರು ಎಂಟು ವಾರ ವ್ಯಾಯಾಮ ಮಾಡಿಸಿದಾಗ ಆ ಯುವಕರು ಕಳೆದುಕೊಂಡಿದ್ದನ್ನೆಲ್ಲ ಮರಳಿ ಪಡೆದಿದ್ದರು. ದೇಹ ಬೇಗ ಮರೆಯುತ್ತದೆ. ಆದರೆ ಕಲಿಸಿದರೆ ಮತ್ತೆ ಕಲಿಯುತ್ತದೆ.

ಅಧ್ಯಾಪಕರು, ವಕೀಲರು, ಬಸ್ ನಿರ್ವಾಹಕರು, ಕೌಂಟರಿನಲ್ಲಿ ಕೂರುವವರು ಗಂಟಲಿನ ಕಡೆಗೂ ಗಮನ ಕೊಡಬೇಕು. ಹೆಂಗಸರು ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಬಾರಿ ಕಂಪಿಸುತ್ತವೆ. ಒಂದು ವರ್ಷ ಮೆಲುದನಿಯಲ್ಲಿದ್ದ ಗಂಟಲಿಗೆ ಒಮ್ಮೆಲೇ ದಿನಕ್ಕೆ ನಾಲ್ಕು ಗಂಟೆ ಪಾಠದ ಹೊರೆ ಬಿದ್ದರೆ ಅದು ಕಟ್ಟಿಕೊಳ್ಳುವುದು ಸಹಜ. ಆಗಾಗ ಗುಟುಕು ಗುಟುಕಾಗಿ ನೀರು ಕುಡಿಯಿರಿ. ಪದೇ ಪದೇ ಖೊರ್ ಎಂದು ಗಂಟಲು ಸರಿಮಾಡಿಕೊಳ್ಳಬೇಡಿ. ತರಗತಿ ದೊಡ್ಡದಾಗಿದ್ದರೆ ಮೈಕ್ ಕೇಳಲು ಸಂಕೋಚ ಬೇಡ. ಗಂಟಲು ಕಟ್ಟಿದಾಗ ಪಿಸುದನಿಯಲ್ಲಿ ಮಾತನಾಡುವುದರಿಂದ ವಿಶ್ರಾಂತಿ ಸಿಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದರಿಂದ ಶ್ರಮ ಹೆಚ್ಚಾಗಬಹುದು. ಮೂರು ವಾರ ಮೀರಿಯೂ ಧ್ವನಿ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಹೇಳಲು ಸಂಕೋಚಪಡುವ ಇನ್ನೊಂದು ಮಾತಿದೆ. ಎಷ್ಟೋ ಕಚೇರಿ, ಕಾಲೇಜುಗಳಲ್ಲಿ ಶೌಚಾಲಯ ಚೊಕ್ಕಟವಾಗಿರುವುದಿಲ್ಲ. ಅದಕ್ಕಾಗಿ ಮಹಿಳೆಯರು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ತಲೆನೋವು, ಮಲಬದ್ಧತೆ, ಮೂತ್ರದ ಸೋಂಕು ಇವಕ್ಕೆಲ್ಲ ಇದು ದಾರಿ ಮಾಡಿಕೊಡುತ್ತದೆ. ವರ್ಷವಿಡೀ ಮನೆಯ ಅನುಕೂಲಕ್ಕೆ ಒಗ್ಗಿದವರಿಗೆ ಇದು ಇನ್ನೂ ತೊಂದರೆ. ನಾಲ್ಕು ಮಂದಿ ಸೇರಿ ಮೇಲಧಿಕಾರಿಗಳ ಗಮನಕ್ಕೆ ತನ್ನಿ. ನೀರು ಬಿಡುವುದು ಪರಿಹಾರವಲ್ಲ.

ಮನಸ್ಸು ಏಕೆ ದಣಿಯುತ್ತದೆ?

“ಮೊದಲಿನಷ್ಟೇ ಕೆಲಸ. ಆದರೆ ಮೊದಲಿನ ಎರಡರಷ್ಟು ಸುಸ್ತು. ಏಕೆ?” ಎಂದು ಕೇಳುವವರುಂಟು. ಇದಕ್ಕೆ ಕಾರಣ ಅಭ್ಯಾಸಬಲ.

ಹತ್ತಾರು ವರ್ಷ ಒಂದೇ ಕೆಲಸ ಮಾಡಿದಾಗ ಅದರ ಬಹುಭಾಗ ಯೋಚನೆಯಿಲ್ಲದೆ ನಡೆಯುತ್ತದೆ. ಬೆಳಿಗ್ಗೆ ಯಾವ ಬಸ್ಸು, ಡಬ್ಬಿಗೆ ಏನು, ಹಾಜರಿ ಎಲ್ಲಿ, ಯಾವ ಕಡತ ಯಾರ ಮೇಜಿಗೆ, ಇದಾವುದಕ್ಕೂ ಮನಸ್ಸು ಖರ್ಚಾಗುವುದಿಲ್ಲ. ವರ್ಷದ ನಂತರ ಇವೆಲ್ಲವನ್ನೂ ಮತ್ತೆ ಯೋಚಿಸಿಯೇ ಮಾಡಬೇಕು. ಜೊತೆಗೆ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಗಿರುತ್ತದೆ, ಹಾಜರಿಯ ಯಂತ್ರ ಹೊಸದು ಬಂದಿರುತ್ತದೆ, ಪಕ್ಕದ ಕುರ್ಚಿಯವರು ವರ್ಗವಾಗಿರುತ್ತಾರೆ. ನಮ್ಮ ಅಧ್ಯಾಪಕಿಯ ಪಾಡನ್ನೇ ನೋಡಿ. ಅವರು ರಜೆ ಹೋದಾಗ ಕರ್ನಾಟಕದ ಪದವಿ ಕಾಲೇಜುಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವಿತ್ತು. ಮರಳಿ ಬಂದ 2024-25ರ ಸಾಲಿನಿಂದ ಮೂರು ವರ್ಷದ ಪದವಿಯ ವ್ಯವಸ್ಥೆ ಮತ್ತೆ ಜಾರಿಗೆ ಬಂದಿತ್ತು. ಇಪ್ಪತ್ತು ವರ್ಷದ ಅನುಭವಸ್ಥರು ಹೊಸಬರಂತೆ ಕಿರಿಯ ಸಹೋದ್ಯೋಗಿಗಳನ್ನು ಕೇಳಿ ತಿಳಿಯಬೇಕಾಯಿತು. ಅವರ ಎದೆ ಡವಡವ ಎನ್ನುತ್ತಿದ್ದುದಕ್ಕೆ ಮುಖ್ಯ ಕಾರಣ ಈ ಸಂಕೋಚವೇ.

ಒಂದು ರೂಢಿ ಸಲೀಸಾಗಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಗಮನಿಸಿ ಕಂಡುಕೊಂಡಂತೆ ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು. ಕೆಲವರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ಸಿಕ್ಕಿತು. ಸಹೋದ್ಯೋಗಿ ಹತ್ತೇ ದಿನದಲ್ಲಿ ಹೊಂದಿಕೊಂಡರೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಒಬ್ಬೊಬ್ಬರ ಜಾಯಮಾನ ಒಂದೊಂದು ರೀತಿ.

ಇನ್ನೊಂದು ಸೂಕ್ಷ್ಮವಿದೆ. ಪರದೇಶಕ್ಕೆ ಹೋದವರಿಗೆ ಅಲ್ಲಿ ಹೊಂದಿಕೊಳ್ಳಲು ಕಷ್ಟವೆಂದು ಎಲ್ಲರಿಗೂ ಗೊತ್ತು. ಆದರೆ 1963ರಲ್ಲಿ ಗಲ್ಲಾಹಾರ್ನ್ ಎಂಬ ಸಮಾಜಶಾಸ್ತ್ರಜ್ಞ ದಂಪತಿ, ವಿದೇಶದಲ್ಲಿದ್ದು ಮರಳಿದ ಅಮೆರಿಕನ್ನರನ್ನು ಅಧ್ಯಯನ ಮಾಡಿ, ತಾಯ್ನಾಡಿಗೆ ಮರಳಿದ ಮೇಲೂ ಅದೇ ಏಳುಬೀಳು ಎರಡನೇ ಬಾರಿ ಬರುತ್ತದೆ ಎಂದು ತೋರಿಸಿದರು. ಮೊದಲ ಕೆಲವು ದಿನ ಸಂಭ್ರಮ, ಆಮೇಲೆ ಇಳಿತ, ಬಳಿಕ ನಿಧಾನವಾಗಿ ಏರಿಕೆ. ರಜೆಯಿಂದ ಮರಳುವವರಲ್ಲೂ ಇದನ್ನು ಕಾಣುತ್ತೇವೆ. ಮೊದಲ ವಾರ “ಓಹೋ, ಬಂದಿರಾ, ಚೆನ್ನಾಗಿದ್ದೀರಾ” ಎಂಬ ಉಪಚಾರ. ಎರಡನೇ ವಾರ “ನಿಮಗೇನ್ರೀ, ವರ್ಷಪೂರ್ತಿ ಆರಾಮ” ಎಂಬ ಚುಚ್ಚುಮಾತು. ಮೂರನೇ ವಾರ ಯಾರೂ ಏನೂ ಕೇಳುವುದಿಲ್ಲ, ಕೆಲಸ ಮಾತ್ರ ಮೇಜಿನ ಮೇಲೆ ಬಿದ್ದಿರುತ್ತದೆ. ಈ ಮೂರನೇ ನಾಲ್ಕನೇ ವಾರವೇ ತಗ್ಗು. ರಾಜೀನಾಮೆಯ ಯೋಚನೆ ಬರುವುದು ಹೆಚ್ಚಾಗಿ ಆಗಲೇ.

ಮನೆಯವರು ತಿಳಿಯಬೇಕಾದ್ದು

ರಜೆಯ ವರ್ಷದಲ್ಲಿ ಮನೆಯೂ ಒಂದು ರೂಢಿಗೆ ಬಿದ್ದಿರುತ್ತದೆ. ಸಿಲಿಂಡರ್ ಬಂದಾಗ ಬಾಗಿಲು ತೆಗೆಯುವವರು, ಅತ್ತೆಯವರ ಮಾತ್ರೆ ನೋಡಿಕೊಳ್ಳುವವರು, ಸಂಜೆ ಮಕ್ಕಳಿಗೆ ಬಿಸಿ ತಿಂಡಿ ಮಾಡಿಕೊಡುವವರು ಮನೆಯಲ್ಲೇ ಇದ್ದರು. ಅವರು ಕೆಲಸಕ್ಕೆ ಮರಳಿದ ಮೇಲೂ ಈ ಜವಾಬ್ದಾರಿಗಳು ಅವರ ಹೆಗಲಿನಿಂದ ಇಳಿಯುವುದಿಲ್ಲ. ಹೊರಗಿನ ದುಡಿಮೆ ಅದರ ಮೇಲೆ ಕೂರುತ್ತದೆ.

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆದರೆ, ಪುರುಷರು ಕಳೆಯುವುದು 88 ನಿಮಿಷ. ಕೆಲಸಕ್ಕೆ ಮರಳುವ ಗೃಹಿಣಿಯ ಸುಸ್ತಿಗೆ ಟಾನಿಕ್ ಹುಡುಕುವ ಮೊದಲು ಈ ಲೆಕ್ಕವನ್ನೊಮ್ಮೆ ನೋಡಬೇಕು. ನಮ್ಮ ಅಧ್ಯಾಪಕಿಯನ್ನು ಕೇಳಿದಾಗ ಅವರು ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎದ್ದು, ರಜೆಯ ದಿನಗಳಂತೆಯೇ ಎರಡು ಬಗೆಯ ತಿಂಡಿ, ಮಧ್ಯಾಹ್ನದ ಅಡುಗೆ ಎಲ್ಲ ಮುಗಿಸಿ ಕಾಲೇಜಿಗೆ ಹೊರಡುತ್ತಿದ್ದರು. ಅವರ ಪತಿ ಅಂದು ಜೊತೆಗೇ ಬಂದಿದ್ದರು. “ಇವಳು ಹೇಳಲೇ ಇಲ್ಲ ಡಾಕ್ಟರೇ” ಎಂದರು. “ನೀವೂ ಕೇಳಲಿಲ್ಲವಲ್ಲ ಸಾರ್” ಎಂದೆ.

ಮರಳುವ ಮೊದಲೇ ಒಂದು ಭಾನುವಾರ ಮನೆಮಂದಿಯೆಲ್ಲ ಕೂತು ಕೆಲಸಗಳ ಪಟ್ಟಿ ಮಾಡಿ. ಯಾವುದು ಯಾರಿಗೆ ಎಂದು ಹೆಸರು ಬರೆಯಿರಿ. ಹೈಸ್ಕೂಲಿಗೆ ಹೋಗುವ ಮಗ, ಮಗಳು ಇಬ್ಬರಿಗೂ ಸಮನಾಗಿ ಹಂಚಿ. ಮೊದಲ ಎರಡು ತಿಂಗಳು ಒಂದೇ ತಿಂಡಿ, ಒಂದೇ ಸಾರು ಸಾಕು. ನೆಂಟರಿಷ್ಟರ ಸಮಾರಂಭಗಳನ್ನೂ ಈ ಅವಧಿಯಲ್ಲಿ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು.

ರಜೆಯ ಕಾರಣವೂ ಮುಖ್ಯ. ಬ್ಯಾಂಕ್ ನೌಕರರೊಬ್ಬರು ತಂದೆಯ ಶುಶ್ರೂಷೆಗೆಂದು ಸುಮಾರು ಒಂದು ವರ್ಷ ರಜೆಯಲ್ಲಿದ್ದರು. ತಂದೆ ತೀರಿಕೊಂಡ ಹದಿನೈದು ದಿನಕ್ಕೆ ಕೌಂಟರಿಗೆ ಮರಳಿದರು. ಅವರ ಪಾಲಿಗೆ ಆ ವರ್ಷ ವಿಶ್ರಾಂತಿಯಾಗಿರಲೇ ಇಲ್ಲ. ರಾತ್ರಿ ನಿದ್ದೆಗೆಟ್ಟ ದಣಿವು ಮತ್ತು ದುಃಖ ಎರಡನ್ನೂ ಹೊತ್ತು ಬಂದಿದ್ದರು. ಇಂಥವರಿಗೆ “ಇಷ್ಟು ದಿನ ಮನೆಯಲ್ಲೇ ಇದ್ದಿರಲ್ಲ” ಎನ್ನುವುದು ಕ್ರೂರವಾಗುತ್ತದೆ. ಹಸುಗೂಸಿನ ತಾಯಂದಿರಿಗೆ 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾನೂನು 26 ವಾರಗಳ ರಜೆಯನ್ನು ಕೊಟ್ಟಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಬಹುದು ಎಂದೂ ಹೇಳಿತು. ನಿಮ್ಮ ಕಚೇರಿಯಲ್ಲಿ ಏನು ವ್ಯವಸ್ಥೆಯಿದೆ ಎಂದು ಸೇರುವ ಮೊದಲೇ ವಿಚಾರಿಸಿ.

ಮೂರು ವಾರ ಮೊದಲೇ ಆರಂಭಿಸಿ

ಹಾಗಾದರೆ ಏನು ಮಾಡಬೇಕು? ರಜೆ ಮುಗಿಯಲು ಮೂರು ವಾರ ಇರುವಾಗಲೇ ಈ ಕ್ರಮಗಳನ್ನು ಅನುಸರಿಸಿ.

1. ಎರಡು ದಿನಕ್ಕೊಮ್ಮೆ ಮಲಗುವ ಮತ್ತು ಏಳುವ ಸಮಯವನ್ನು 15 ನಿಮಿಷ ಹಿಂದಕ್ಕೆ ತನ್ನಿ. ಮೂರು ವಾರದಲ್ಲಿ ಎರಡೂವರೆ ಗಂಟೆ ಹಿಂದಕ್ಕೆ ಬಂದಿರುತ್ತೀರಿ. ಭಾನುವಾರವೂ ಇದನ್ನು ಬಿಡಬೇಡಿ.

2. ದಿನಕ್ಕೆ 15 ನಿಮಿಷದ ನಡಿಗೆಯಿಂದ ಆರಂಭಿಸಿ 30 ನಿಮಿಷಕ್ಕೆ ಏರಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಡುವೆ ಮೆಟ್ಟಿಲನ್ನೂ ಹತ್ತಿಳಿಯಿರಿ.

3. ಊಟ ತಿಂಡಿಯ ವೇಳೆಯನ್ನು ಕೆಲಸದ ದಿನದ ವೇಳೆಗೆ ತನ್ನಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ವೇಳೆ ಬದಲಾಗುವುದನ್ನು ವೈದ್ಯರಿಗೆ ತಿಳಿಸಲೇಬೇಕು. ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

4. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ನಲವತ್ತು ದಾಟಿದವರು ಕಣ್ಣು ತೋರಿಸಿ ಕನ್ನಡಕದ ನಂಬರ್ ಸರಿಪಡಿಸಿಕೊಳ್ಳಿ. ಎಷ್ಟೋ ಜನರ ಕಚೇರಿ ತಲೆನೋವು ಕನ್ನಡಕದಲ್ಲೇ ಪರಿಹಾರವಾಗುತ್ತದೆ.

5. ಒಮ್ಮೆ ಕಚೇರಿಗೆ ಸುಮ್ಮನೆ ಹೋಗಿ ಬನ್ನಿ. ಒಬ್ಬ ಸ್ನೇಹಿತರೊಂದಿಗೆ ಕ್ಯಾಂಟೀನಿನಲ್ಲಿ ಕೂತು, ಈ ವರ್ಷ ಏನೇನು ಬದಲಾಗಿದೆ ಎಂದು ಕೇಳಿ ಬರೆದುಕೊಳ್ಳಿ. ಅರ್ಧ ಭಯ ಅಲ್ಲೇ ಕರಗುತ್ತದೆ.

6. ಸಾಧ್ಯವಿದ್ದರೆ ಗುರುವಾರ ಕೆಲಸಕ್ಕೆ ಹಾಜರಾಗಿ. ಎರಡು ಮೂರು ದಿನ ದುಡಿಯುವಷ್ಟರಲ್ಲಿ ಭಾನುವಾರ ಬಂದಿರುತ್ತದೆ.

ಕಾಯಿಲೆಯ ಕಾರಣದಿಂದ ರಜೆಯಲ್ಲಿದ್ದವರು ಚಿಕಿತ್ಸೆ ನೀಡಿದ ವೈದ್ಯರ ಅನುಮತಿ ಪಡೆದೇ ಈ ವ್ಯಾಯಾಮ ಆರಂಭಿಸಬೇಕು. ಮೊದಲ ಕೆಲವು ವಾರ ಹಗುರವಾದ ಕೆಲಸ ಕೊಡುವಂತೆ ವೈದ್ಯರಿಂದ ಪತ್ರ ಪಡೆದು ಕಚೇರಿಗೆ ಸಲ್ಲಿಸಬಹುದು.

ಮೊದಲ ಎರಡು ತಿಂಗಳು

ಮೊದಲ ವಾರವೇ ಬಾಕಿಯೆಲ್ಲ ಮುಗಿಸಿ ಶಹಬ್ಬಾಸ್ ಎನಿಸಿಕೊಳ್ಳುವ ಹುಮ್ಮಸ್ಸು ಬೇಡ. ಪ್ರತಿದಿನ ಮೂರು ಮುಖ್ಯ ಕೆಲಸ ಆರಿಸಿ ಚೀಟಿಯಲ್ಲಿ ಬರೆದು ಅವನ್ನು ಮುಗಿಸಿ. ಗೊತ್ತಿಲ್ಲದ್ದನ್ನು ಕೇಳಿ. “ಒಂದು ವರ್ಷ ಇರಲಿಲ್ಲ, ಇದನ್ನು ಸ್ವಲ್ಪ ತೋರಿಸಿಕೊಡಿ” ಎಂದರೆ ಹೇಳಿಕೊಡದವರು ಕಡಿಮೆ. ನೀವಿಲ್ಲದಾಗ ನಿಮ್ಮ ಕೆಲಸ ಹೊತ್ತವರಿಗೆ ಬಾಯಿತುಂಬ ಒಂದು ಕೃತಜ್ಞತೆ ಹೇಳಿ. ಚುಚ್ಚುಮಾತು ಅಲ್ಲಿಂದಲೇ ಅರ್ಧ ಕಡಿಮೆಯಾಗುತ್ತದೆ. ರಾತ್ರಿ ಒಂಬತ್ತರ ನಂತರ ಕಚೇರಿಯ ವಾಟ್ಸ್‌ಆ್ಯಪ್ ಗುಂಪು ನೋಡಬೇಡಿ. ಮಧ್ಯಾಹ್ನ ಊಟದ ಬಳಿಕ ಹತ್ತು ನಿಮಿಷ ಮರದ ನೆರಳಿನಲ್ಲಿ ಓಡಾಡಿ.

ಇನ್ನೊಂದು ಮಾತು ಮರೆಯಬೇಡಿ. ರಜೆಯ ವರ್ಷದಲ್ಲಿ ನಿಮಗೆ ಹಿತವೆನಿಸಿದ್ದ ಒಂದು ಸಂಗತಿಯನ್ನು ಉಳಿಸಿಕೊಳ್ಳಿ. ಬೆಳಗಿನ ಅರ್ಧ ಗಂಟೆಯ ಓದು, ಸಂಗೀತಾಭ್ಯಾಸ, ಹಿತ್ತಲಿನ ಗಿಡಗಳು, ಮಗುವಿಗೆ ಕಥೆ ಹೇಳುವುದು, ಯಾವುದಾದರೂ ಸರಿ. ಎಲ್ಲವನ್ನೂ ಒಮ್ಮೆಲೇ ಬಿಟ್ಟುಬಿಟ್ಟರೆ ಕಳೆದುಕೊಂಡ ಭಾವನೆ ಹೆಚ್ಚುತ್ತದೆ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಹೊಂದಿಕೊಳ್ಳುವ ದಣಿವು ವಾರದಿಂದ ವಾರಕ್ಕೆ ಕಡಿಮೆಯಾಗುತ್ತದೆ, ಭಾನುವಾರ ಮನಸ್ಸು ಹಗುರಾಗುತ್ತದೆ. ಹಾಗಾಗದೆ ಎರಡು ವಾರಕ್ಕೂ ಮೀರಿ ದಿನದ ಬಹುಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಿದ್ದುದರಲ್ಲೂ ಆಸಕ್ತಿ ಹೋಗಿದ್ದರೆ, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಊಟ ಸೇರದೆ ತೂಕ ಇಳಿಯುತ್ತಿದ್ದರೆ ಅದು ಖಿನ್ನತೆಯಾಗಿರಬಹುದು. ಒತ್ತಡ ತಡೆಯಲು ಮದ್ಯದ ಮೊರೆಹೋಗುವುದೂ ಅಪಾಯದ ಸೂಚನೆಯೇ. ಇವಕ್ಕೆಲ್ಲ ಒಳ್ಳೆಯ ಚಿಕಿತ್ಸೆಯಿದೆ. ಬದುಕು ಬೇಡ ಎಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಎದೆನೋವು, ನಡೆಯುವಾಗ ಉಬ್ಬಸ, ಕಾಲು ಊತ, ಕಾರಣವಿಲ್ಲದ ಜ್ವರ ಇವನ್ನು ರಜೆಯ ದಣಿವೆಂದು ತಳ್ಳಿಹಾಕಬಾರದು. ರಕ್ತಹೀನತೆ, ಥೈರಾಯ್ಡ್ ದೋಷಗಳೂ ಸುಸ್ತಿನ ರೂಪದಲ್ಲೇ ಬರುತ್ತವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗಾಗುವ ಮೊದಲೇ ಪರೀಕ್ಷೆ ಮಾಡಿಸುವುದು ಜಾಣತನ.

ನಮ್ಮ ಅಧ್ಯಾಪಕಿಗೆ ನಾನು ಯಾವ ಮಾತ್ರೆಯನ್ನೂ ಬರೆಯಲಿಲ್ಲ. “ಮೇಡಂ, ಈ ಪತ್ರವನ್ನು ಹರಿಯಬೇಡಿ, ಕೊಡಲೂ ಬೇಡಿ. ದಸರಾ ರಜೆಯ ತನಕ ಬೀರುವಿನಲ್ಲಿಡಿ. ಆಗಲೂ ಇದೇ ಮನಸ್ಸಿದ್ದರೆ ಕೊಡಿ, ನಾನು ತಡೆಯುವುದಿಲ್ಲ” ಎಂದೆ. ಬೆಳಗಿನ ತಿಂಡಿಯ ಹೊಣೆಯನ್ನು ಪತಿ ವಹಿಸಿಕೊಂಡರು. ಅವರು ಒಂದು ಸ್ಟಾಪ್ ಮೊದಲೇ ಇಳಿದು ಕಾಲೇಜಿಗೆ ನಡೆದು ಹೋಗಲಾರಂಭಿಸಿದರು. ಸಂಜೆಯ ಕಾಫಿ ಬಿಟ್ಟರು. ಹೊಸ ಪಠ್ಯವನ್ನು ಕಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕೂತು ಓದಿದರು.

ಅಕ್ಟೋಬರಿನಲ್ಲಿ ಅವರು ಬಂದಾಗ ಕೇಳಿದೆ, “ಪತ್ರ ಏನಾಯಿತು?” “ಬೀರುವಿನಲ್ಲೇ ಇದೆ ಡಾಕ್ಟರೇ. ಕೆಲಸ ಈಗಲೂ ಕಷ್ಟವೇ. ಆದರೆ ರಾತ್ರಿ ನಿದ್ದೆ ಬರುತ್ತಿದೆ. ನಿದ್ದೆ ಮಾಡಿ ಎದ್ದ ಮೇಲೆ ತೀರ್ಮಾನ ಮಾಡೋಣ ಎನಿಸಿದೆ” ಎಂದು ನಕ್ಕರು.

ರಜೆಯಿಂದ ಮರಳುವವರಿಗೆಲ್ಲ ಈ ಲೇಖಕನ ಸಲಹೆಯೂ ಅಷ್ಟೇ. ತಾಳಿದವನು ಬಾಳಿಯಾನು ಎಂಬ ಗಾದೆ ನಮ್ಮಲ್ಲಿದೆ. ಎರಡು ತಿಂಗಳು ತಾಳಿ. ದೊಡ್ಡ ತೀರ್ಮಾನಗಳನ್ನು ಚೆನ್ನಾಗಿ ನಿದ್ದೆ ಮಾಡಿದ ತಲೆಗೆ ಬಿಡಿ.